ಈಕ್ವೆಡಾರ್‌ನಲ್ಲಿ ಹಕ್ಕಿ ನೋಡಲು: ನಕ್ಷೆ ಬಿಡಿ, ಎತ್ತರ ಹಿಡಿಯಿರಿ

ಮೊದಲ ಸಲ ಈಕ್ವೆಡಾರ್‌ಗೆ ಹೋದಾಗ ನನ್ನ ಹತ್ತಿರ ನಲವತ್ತು ಹಕ್ಕಿಗಳ ಪಟ್ಟಿ ಇತ್ತು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊರಳಿಗೆ ನೇತು ಹಾಕಿಕೊಂಡಿದ್ದೆ. ಎಲ್ಲಕ್ಕಿಂತ ಮೇಲೆ ಬರೆದಿದ್ದು ಕಾಂಡೋರ್, ಆಂಡಿಸ್ ಬೆಟ್ಟಗಳ ದೊಡ್ಡ ರಣಹದ್ದು. ಹಾಗಾಗಿ ರಾಜಧಾನಿ ಕೀಟೊದಲ್ಲಿ ವಿಮಾನ ಇಳಿದ ಮರುದಿನ ಬೆಳಿಗ್ಗೆಯೇ ಕಾರು ಮಾಡಿಕೊಂಡು ಆಂಟಿಸಾನಾ ಬೆಟ್ಟದ ಕಡೆ ಹೊರಟೆವು, ನಾನು ಮತ್ತು ನನ್ನ ತಮ್ಮ. ಅಲ್ಲಿನ ಲಾ ಮಿಕಾ ಕೆರೆ ಸುಮಾರು 3,900 ಮೀಟರ್ ಎತ್ತರದಲ್ಲಿದೆ. ಕಾಂಡೋರ್ ಬಂತಂತೆ. ನಾನು ನೋಡಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ತಲೆ ಹಿಡಿದುಕೊಂಡು ಮಲಗಿದ್ದೆ. ತಮ್ಮ ಹೊರಗೆ ನಿಂತು "ಅಕ್ಕಾ, ಬಂತು, ಬಂತು, ಏಳೇ" ಅಂತ ಕೂಗುತ್ತಿದ್ದ. ಎದ್ದರೆ ವಾಂತಿ.

ಇದಕ್ಕೆ ಅಲ್ಲಿನವರು ಸೊರೋಚೆ ಅನ್ನುತ್ತಾರೆ. ಗಾಳಿ ತೆಳುವಾದಾಗ ಬರುವ ತಲೆನೋವು, ವಾಕರಿಕೆ, ಸುಸ್ತು. ವಯಸ್ಸಿಗೂ ಗಟ್ಟಿತನಕ್ಕೂ ಅದು ಮರ್ಯಾದೆ ಕೊಡುವುದಿಲ್ಲ.

ಎರಡನೇ ಸಲ ಹೋಗುವಾಗ ಪಟ್ಟಿ ಒಯ್ಯಲಿಲ್ಲ. ಒಂದು ಹಾಳೆಯಲ್ಲಿ ಬರೀ ಮೀಟರ್‌ಗಳನ್ನು ಬರೆದುಕೊಂಡೆ: 2,850, 1,250, 3,500, 4,000, 2,700, 2,000, 250. ಪ್ರತಿ ಅಂಕಿಯ ಮುಂದೆ ಎಷ್ಟು ರಾತ್ರಿ ಅಂತ. ಅಷ್ಟೇ ನನ್ನ ಯೋಜನೆ. ಒಟ್ಟು ಹದಿನಾರು ದಿನ. ಈ ಬರಹ ಆ ಹಾಳೆಯ ವಿವರಣೆ ಅಂತ ಇಟ್ಟುಕೊಳ್ಳಿ.

ಯಾಕೆ ಎತ್ತರ? ಈಕ್ವೆಡಾರ್ ದಕ್ಷಿಣ ಅಮೆರಿಕದ ಚಿಕ್ಕ ದೇಶಗಳಲ್ಲಿ ಒಂದು. ಆದರೂ ಅಲ್ಲಿ 1,600ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಆಂಡಿಸ್ ಪರ್ವತ ಗೋಡೆಯ ಹಾಗೆ ದೇಶದ ನಡುವೆ ನಿಂತಿದೆ. ಐನೂರು ಮೀಟರ್ ಹತ್ತಿದರೆ ಅಥವಾ ಇಳಿದರೆ ಹಕ್ಕಿಗಳೇ ಬೇರೆ. ಗೋಡೆಯ ಈಚೆಗೂ ಆಚೆಗೂ ಮತ್ತೆ ಬೇರೆ. ಕಾಕ್-ಆಫ್-ದ-ರಾಕ್ ಅನ್ನುವ ಹಕ್ಕಿಯನ್ನೇ ತೆಗೆದುಕೊಳ್ಳಿ. ಪಶ್ಚಿಮದ ಇಳಿಜಾರಿನಲ್ಲಿ ಗಂಡು ರಕ್ತಗೆಂಪು. ಪೂರ್ವಕ್ಕೆ ಬಂದರೆ ಅದೇ ಹಕ್ಕಿ ಕಿತ್ತಳೆ. ಬೂಟೆಡ್ ರ‍್ಯಾಕೆಟ್-ಟೇಲ್ ಅನ್ನುವ ಪುಟಾಣಿ ಹಮ್ಮಿಂಗ್‌ಬರ್ಡ್‌ನ ಕಾಲಿಗೆ ಪಶ್ಚಿಮದಲ್ಲಿ ಬಿಳಿ ಹತ್ತಿ ಸುತ್ತಿದ ಹಾಗಿರುತ್ತದೆ. ಪೂರ್ವದಲ್ಲಿ ಅದರ ನೆಂಟನ ಕಾಲಿನ ಹತ್ತಿ ಇಟ್ಟಿಗೆ ಬಣ್ಣದ್ದು. ಇದು ತಲೆಗೆ ಹೋದ ಮೇಲೆ ನೂರಾರು ಕಿಲೋಮೀಟರ್ ಓಡಾಡುವ ಹುಚ್ಚು ಬಿಟ್ಟಿತು. ಒಂದೇ ರಸ್ತೆಯಲ್ಲಿ ಇಳಿಯುತ್ತಾ ಹೋದರೆ ಸಾಕು.

ಹೊರಡುವ ಮುಂಚೆ

ಪಶ್ಚಿಮದ ಇಳಿಜಾರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಣ ತಿಂಗಳು. ಪೂರ್ವದಲ್ಲಿ ಅದೇ ಜೂನ್, ಜುಲೈನಲ್ಲಿ ಜೋರು ಮಳೆ. ಎರಡೂ ಕಡೆ ಹೋಗುವವರು ಏನೋ ಒಂದು ರಾಜಿ ಮಾಡಿಕೊಳ್ಳಲೇಬೇಕು. ನಾನು ನವೆಂಬರ್ ಆರಿಸಿಕೊಂಡೆ. ಮಳೆ ಬಂತು, ಆದರೆ ದಿನವಿಡೀ ಸುರಿಯಲಿಲ್ಲ.

ಹಳದಿ ಜ್ವರದ ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಕೊನೆಗೆ ಇಳಿಯುವುದು ಅಮೆಜಾನ್ ಕಾಡಿಗೆ, ಅಲ್ವಾ. ಬೆಟ್ಟದ ಕಾಯಿಲೆಗೆ ಮಾತ್ರೆ ಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಮಲೇರಿಯಾ ಬಗ್ಗೆಯೂ ಅದೇ ಸಲ ಕೇಳಿಬಿಡಿ.

ಅಲ್ಲಿ ಓಡುವ ದುಡ್ಡು ಅಮೆರಿಕನ್ ಡಾಲರ್, 2000ನೇ ಇಸವಿಯಿಂದ. ಒಂದು, ಐದು, ಹತ್ತರ ನೋಟು ಒಯ್ಯಿರಿ. ಹಳ್ಳಿಯ ಅಂಗಡಿಯಲ್ಲಿ ಐವತ್ತರ ನೋಟು ಚಾಚಿದರೆ ಮುಖ ನೋಡುತ್ತಾರೆ. ಚಿಲ್ಲರೆಯಾಗಿ ಒಂದು ಡಾಲರಿನ ನಾಣ್ಯಗಳು ಜಾಸ್ತಿ ಸಿಗುತ್ತವೆ. ಅವನ್ನು ಗೈಡ್‌ಗೂ ದೋಣಿಯವರಿಗೂ ಕೊಡಲು ತೆಗೆದಿಡಿ.

ಬೈನಾಕ್ಯುಲರ್ 8×42 ಇರಲಿ, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು. ತಮ್ಮ 10×42 ತಂದಿದ್ದ. ಮೋಡ ತುಂಬಿದ ಕಾಡಿನಲ್ಲಿ ಹಕ್ಕಿ ಹತ್ತಡಿ ದೂರದಲ್ಲಿ, ಎಲೆಗಳ ನಡುವೆ ಒಂದು ಕ್ಷಣ ಕಾಣುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವಷ್ಟರಲ್ಲಿ ಬರೀ ಎಲೆ ಉಳಿದಿರುತ್ತದೆ. ಎಂಟರದ್ದರಲ್ಲಿ ಜಾಸ್ತಿ ಜಾಗ ಕಾಣುತ್ತದೆ, ಕೈ ನಡುಗಿದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಹಕ್ಕಿ ಗುರುತಿಸಲು ನೆರವಾಗುವ ಮೆರ್ಲಿನ್ ಆಪ್‌ನಲ್ಲಿ ಈಕ್ವೆಡಾರ್‌ನ ಹಕ್ಕಿಗಳ ಪ್ಯಾಕ್ ಅನ್ನು ವೈಫೈ ಇರುವಾಗಲೇ ಇಳಿಸಿಕೊಳ್ಳಿ. ಆಮೇಲೆ ಸಿಗ್ನಲ್ ಕಾಯುತ್ತಾ ಕೂರಬೇಕಾಗುತ್ತದೆ.

ಮೊದಲು ಕೆಳಗೆ: ಮಿಂಡೋ

ಕೀಟೊ 2,850 ಮೀಟರ್. ಅಲ್ಲಿ ಒಂದು ರಾತ್ರಿ ಮಲಗಿ, ಮೇಲೆ ಹತ್ತಬೇಡಿ, ಪಶ್ಚಿಮಕ್ಕೆ ಇಳಿಯಿರಿ. ನನ್ನ ಮೊದಲ ತಪ್ಪಿಗೆ ಇದೇ ಮದ್ದು. ಎರಡು ಗಂಟೆ ದಾರಿ, ಮಿಂಡೋ ಊರು 1,250 ಮೀಟರ್. ಉಸಿರು ಸರಾಗ, ಊಟ ರುಚಿ, ನಿದ್ದೆ ಚೆನ್ನ. ನಾಲ್ಕು ರಾತ್ರಿ ಇಡಿ.

ಒಂದು ಬೆಳಿಗ್ಗೆಯನ್ನು ಆಂಖೆಲ್ ಪಾಸ್ ಅವರ ತೋಟಕ್ಕೆ ಮೀಸಲಿಡಿ. ಅವರು ಕೃಷಿಕರು. ತಮ್ಮ ಜಮೀನಿನಲ್ಲಿ ಕಾಕ್-ಆಫ್-ದ-ರಾಕ್ ಗಂಡುಗಳು ಕುಣಿಯುವ ಜಾಗ ಇದೆ ಅಂತ ಗೊತ್ತಾದ ಮೇಲೆ ಜನರನ್ನು ಕರೆದು ತೋರಿಸತೊಡಗಿದರು. ಆಮೇಲೆ ಕಾಡಿನಲ್ಲಿ ಜೈಂಟ್ ಆಂಟ್‌ಪಿಟ್ಟಾ ಕಂಡಿತು. ಆಂಟ್‌ಪಿಟ್ಟಾಗಳು ನೆಲದಲ್ಲಿ ಓಡಾಡುವ, ಬಾಲವೇ ಇಲ್ಲವೇನೋ ಅನ್ನಿಸುವ ದುಂಡು ಹಕ್ಕಿಗಳು. ಸದ್ದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಪಾಸ್ ಅವರು ಎರೆಹುಳ ಎಸೆದೆಸೆದು ಅದನ್ನು ಪಳಗಿಸಿದರು, ಅದಕ್ಕೆ ಮರಿಯಾ ಅಂತ ಹೆಸರಿಟ್ಟರು. ಈಗ ಈ ಉಪಾಯ ಬೇರೆ ಬೇರೆ ಕಾಡುಗಳಿಗೂ ಹಬ್ಬಿದೆ. ಹುಳ ಹಾಕಿ ಕರೆಯುವುದು ಸರಿಯಾ ಅಂತ ನನಗೂ ಅಳುಕಿತ್ತು. ಆದರೆ ಮರ ಕಡಿದು ಹುಲ್ಲುಗಾವಲು ಮಾಡುವ ಊರಿನಲ್ಲಿ ನಿಂತ ಕಾಡು ಒಂದು ಕುಟುಂಬದ ಹೊಟ್ಟೆ ತುಂಬಿಸುತ್ತಿದೆ. ಅದನ್ನು ನೋಡಿದ ಮೇಲೆ ಅಳುಕು ಅರ್ಧ ಆಯಿತು. ಕತ್ತಲೆಯಲ್ಲೇ ಹೊರಡಬೇಕು. ಭೂಮಧ್ಯರೇಖೆ ಹತ್ತಿರ ವರ್ಷವಿಡೀ ಬೆಳಕು ಹರಿಯುವುದು ಆರು ಗಂಟೆಯ ಸುಮಾರಿಗೆ, ಕುಣಿತ ಶುರುವಾಗುವುದೂ ಆಗಲೇ. ಕುಣಿತ ಅಂದರೆ ಕುಣಿತ ಮಾತ್ರ ಅಲ್ಲ, ಹಂದಿ ಗುರುಗುಟ್ಟಿದ ಹಾಗೆ ಸದ್ದು ಬೇರೆ.

ಇನ್ನೊಂದು ಬೆಳಿಗ್ಗೆ ಮಿಲ್ಪೆ ಕಾಡು. ಅಲ್ಲಿ ಕ್ಲಬ್-ವಿಂಗ್ಡ್ ಮ್ಯಾನಕಿನ್ ಅನ್ನುವ ಗುಬ್ಬಿಯಷ್ಟು ಹಕ್ಕಿ ರೆಕ್ಕೆಯಿಂದ ಪಿಟೀಲು ಬಾರಿಸುತ್ತದೆ. ಒಂದು ಗರಿಯ ದಿಂಡು ಇನ್ನೊಂದರ ಏಣುಗಳಿಗೆ ಉಜ್ಜಿ ಬರುವ ನಾದ ಅದು. ಕೊರಳಿನದ್ದಲ್ಲ ಅಂತ ಹೇಳದಿದ್ದರೆ ನಂಬುವುದಿಲ್ಲ.

ಹಮ್ಮಿಂಗ್‌ಬರ್ಡ್ ನೋಡಲು ಕೂರುವ ವಿಧಾನ

ಸಕ್ಕರೆ ನೀರಿನ ಬಾಟಲಿ ತೂಗು ಹಾಕಿದ ಅಂಗಳಕ್ಕೆ ಹೋದ ಕೂಡಲೇ ತಲೆ ಕೆಡುತ್ತದೆ. ಇಪ್ಪತ್ತು ಹಕ್ಕಿ, ಎಲ್ಲವೂ ಹಸಿರು, ಒಂದೂ ನಿಲ್ಲುವುದಿಲ್ಲ. ತಮ್ಮ ಒಂದು ಗಂಟೆಯಲ್ಲಿ ಎಂಟುನೂರು ಫೋಟೊ ತೆಗೆದ. ರಾತ್ರಿ ನೋಡಿದರೆ ಬಾಟಲಿಯ ಕೆಂಪು ಮುಚ್ಚಳ ಮಾತ್ರ ಸ್ಪಷ್ಟವಾಗಿತ್ತು.

ಬಾಟಲಿಯನ್ನು ಬಿಟ್ಟು ಪಕ್ಕದ ಪೊದೆಯ ಒಣ ಕಡ್ಡಿಯನ್ನು ನೋಡಿ. ಕುಡಿದ ಹಕ್ಕಿ ಮತ್ತೆ ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತದೆ, ಜಗಳಗಂಟಿ ಗಂಡಂತೂ ಅಲ್ಲಿಂದಲೇ ಕಾವಲು. ಮೊದಲ ಹತ್ತು ನಿಮಿಷ ಬಾಲ ಮಾತ್ರ ಗಮನಿಸಿ: ಉದ್ದವಾ, ಕವಲಾ, ಬಿಳಿ ಇದೆಯಾ? ಆಮೇಲೆ ಕೊಕ್ಕು. ಆಮೇಲೆ ಕಾಲು. ಬಣ್ಣ ಕಡೆಗೆ. ಬೆಳಕು ತಿರುಗಿದರೆ ನೇರಳೆ ಕೊರಳು ಕಪ್ಪಾಗುತ್ತದೆ, ಅದನ್ನು ನಂಬಿ ಕೆಟ್ಟಿದ್ದೇನೆ.

ಮಿಂಡೋದಿಂದ ವಾಪಸ್ ಬರುವಾಗ ಹೆದ್ದಾರಿ ಬಿಟ್ಟು ನೊನೊ ಕಡೆಯ ಹಳೆ ರಸ್ತೆ ಹಿಡಿಯಿರಿ. ಅದರ ಹೆಸರೇ 'ಪಸೆಯೊ ದೆಲ್ ಕಿಂದೆ', ಕಿಂದೆ ಅಂದರೆ ಹಮ್ಮಿಂಗ್‌ಬರ್ಡ್. ಅಲ್ಲಿಂದ ಯಾನಕೋಚಾ ಕಾಡಿಗೆ ಹತ್ತಬಹುದು, ಸುಮಾರು 3,500 ಮೀಟರ್. ಅದನ್ನು ನೋಡಿಕೊಳ್ಳುವುದು ಹೊಕೊತೊಕೊ ಸಂಸ್ಥೆ. 1997ರಲ್ಲಿ ಸಿಕ್ಕ ಒಂದು ಹೊಸ ಆಂಟ್‌ಪಿಟ್ಟಾ ಜಾತಿಯ ಹೆಸರೇ ಆ ಸಂಸ್ಥೆಯ ಹೆಸರು. ದಾರಿ ಸಮತಟ್ಟು, ನನ್ನ ಮೊಣಕಾಲಿನಂಥವಕ್ಕೂ ಆದೀತು.

ಅಲ್ಲಿ ಕಾಯಬೇಕಾದ್ದು ಸೋರ್ಡ್-ಬಿಲ್ಡ್ ಹಮ್ಮಿಂಗ್‌ಬರ್ಡ್‌ಗೆ. ಬಾಲ ಬಿಟ್ಟರೆ ಮೈಗಿಂತ ಕೊಕ್ಕೇ ಉದ್ದ ಇರುವ ಹಕ್ಕಿ ಜಗತ್ತಿನಲ್ಲಿ ಇದೊಂದೇ. ಉದ್ದ ನಳಿಗೆಯ ಹೂಗಳಿಗೆ ಹೊಂದಿಕೊಂಡ ಕೊಕ್ಕು. ಕೂತಾಗ ಭಾರಕ್ಕೆ ಮುಂದೆ ವಾಲದ ಹಾಗೆ ಅದನ್ನು ಆಕಾಶಕ್ಕೆ ಎತ್ತಿ ಹಿಡಿಯುತ್ತದೆ. ಮೈ ಕೆರೆಯಲು ಕೊಕ್ಕು ಬಾಗುವುದಿಲ್ಲ, ಕಾಲಲ್ಲೇ ಕೆರೆದುಕೊಳ್ಳುತ್ತದೆ. ನಾನು ಮೂರು ಗಂಟೆ ಕೂತೆ. ನಾಲ್ಕು ಸಲ ಬಂತು. ಮೊದಲ ಪ್ರವಾಸದಲ್ಲಿ ಇದೇ ಜಾಗಕ್ಕೆ ಇಪ್ಪತ್ತು ನಿಮಿಷ ಇಟ್ಟಿದ್ದೆವು.

ಈಗ ಮೇಲಕ್ಕೆ ಹತ್ತಿ

ಏಳನೇ ದಿನ. ಮೈ ಒಗ್ಗಿರುತ್ತದೆ, ಆಂಟಿಸಾನಾಗೆ ಹೋಗಿ. ಅಲ್ಲಿರುವುದು ಪರಾಮೊ: ಮರದ ಗಡಿ ದಾಟಿದ ಮೇಲಿನ ಹುಲ್ಲು, ಗಾಳಿ, ಮಂಜು. ಕೈಗವಸು, ಟೊಪ್ಪಿ, ನೀರು, ಕಟ್ಟಿಸಿಕೊಂಡ ಊಟ ಇರಲಿ. ಬೆಚ್ಚಗೆ ಲೋಕ್ರೊ, ಅಂದರೆ ಚೀಸ್ ಹಾಕಿದ ಆಲೂಗಡ್ಡೆ ಸೂಪು, ಸಿಕ್ಕರೆ ಬಿಡಬೇಡಿ. ನಿಧಾನಕ್ಕೆ ನಡೆಯಿರಿ, ಮಾತು ಕಮ್ಮಿ ಆಡಿ.

ಕಾಂಡೋರ್ ಅಂತ ಎಲ್ಲರೂ ಮೊದಲು ಕೂಗುವುದು ಬ್ಲ್ಯಾಕ್-ಚೆಸ್ಟೆಡ್ ಬಝರ್ಡ್-ಈಗಲ್ ಕಂಡಾಗ. ಅದರ ಬಾಲ ಮೋಟು, ರೆಕ್ಕೆ ಅಗಲ, ಆಕಾರ ತ್ರಿಕೋನದ ಹಾಗೆ. ಕಾಂಡೋರ್‌ನ ರೆಕ್ಕೆ ಹಲಗೆಯ ಹಾಗೆ, ತುದಿಯಲ್ಲಿ ಬೆರಳು ಬಿಡಿಸಿದ ಗರಿಗಳು. ಒಂದು ತುದಿಯಿಂದ ಇನ್ನೊಂದಕ್ಕೆ 3 ಮೀಟರ್ ಸುಮಾರು. ಪೂರ್ತಿ ಬೆಳೆದ ಹಕ್ಕಿ ತಿರುಗಿದಾಗ ರೆಕ್ಕೆಯ ಮೇಲುಭಾಗದಲ್ಲಿ ಬಿಳಿ ಮಿಂಚುತ್ತದೆ. ಈ ಸಲ ಬಂಡೆಯ ಎದುರು ನಿಂತೆ. ಮೂರು ಬಂದವು, ಒಂದು ನನ್ನ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹಾದುಹೋಯಿತು. ಕೂಗಬೇಕು ಅಂದುಕೊಂಡೆ, ಉಸಿರಿರಲಿಲ್ಲ. ಹುಲ್ಲಿನಲ್ಲಿ ಕೋಳಿಯ ಹಾಗೆ ನಡೆಯುವ ಕ್ಯಾರುಂಕ್ಯುಲೇಟೆಡ್ ಕ್ಯಾರಕ್ಯಾರಾಗಳನ್ನೂ ನೋಡಿ, ಅವು ಗಿಡುಗದ ಬಳಗ ಅಂದರೆ ನಂಬುವುದು ಕಷ್ಟ.

ಮರುದಿನ ಪಾಪಯಾಕ್ತಾ ಕಣಿವೆಯ ದಾರಿ, 4,000 ಮೀಟರ್ ದಾಟುತ್ತದೆ. ಮಂಜು ಇದ್ದರೆ ಅಲ್ಲಿ ಸುಮ್ನೆ ಹೊತ್ತು ಕಳೆಯಬೇಡಿ. ಮಂಜು ತೆಳುವಾದರೆ ಸೀಡ್‌ಸ್ನೈಪ್ ಹುಡುಕಿ. ಅದು ನೆಲದ ಬಣ್ಣವೇ. ಹಕ್ಕಿ ಹುಡುಕಿದರೆ ಸಿಗುವುದಿಲ್ಲ, ಕಲ್ಲುಗಳನ್ನು ನೋಡುತ್ತಿರಿ, ಯಾವುದಾದರೂ ಕಲ್ಲು ನಡೆದರೆ ಅದೇ. ಊರಿನ ಬಿಸಿನೀರ ಬುಗ್ಗೆಯಲ್ಲಿ ಸಂಜೆ ಮೈ ಅದ್ದುವುದು ಹಕ್ಕಿ ನೋಡುವುದರ ಭಾಗವಲ್ಲ. ಆದರೂ ಅದ್ದಿ.

ಪೂರ್ವಕ್ಕೆ ಇಳಿಯುತ್ತಾ

2,700 ಮೀಟರ್‌ನ ಗುವಾಂಗೊ ವಸತಿಯಲ್ಲಿ ಒಂದು ರಾತ್ರಿ, ಅಲ್ಲಿಂದ ಸುಮಾರು 2,000 ಮೀಟರ್‌ನ ಸಾನ್ ಇಸಿದ್ರೊದಲ್ಲಿ ಮೂರು. ಇಲ್ಲಿ ಒಂದು ಗುಟ್ಟು. ರಾತ್ರಿ ದೀಪಗಳಿಗೆ ಪತಂಗಗಳು ಬಂದು ಅಂಟಿಕೊಳ್ಳುತ್ತವೆ. ಬೆಳಕು ಹರಿಯುವ ಹೊತ್ತಿಗೆ ಅವನ್ನು ತಿನ್ನಲು ಕಾಡಿನ ಹಕ್ಕಿಗಳು ಕಟ್ಟಡಕ್ಕೇ ಬರುತ್ತವೆ. ಕಾಡೊಳಗೆ ಐವತ್ತಡಿ ಮೇಲೆ ಕಾಣುವುದು ಇಲ್ಲಿ ನಿಮ್ಮ ಮೂಗಿನ ಮುಂದೆ. ಕಾಫಿ ಲೋಟ ಹಿಡಿದು ಐದೂಮುಕ್ಕಾಲಿಗೆ ಹೊರಗೆ ನಿಂತರೆ ಸಾಕು, ಒಂದು ಗಂಟೆಯ ಹಬ್ಬ. ಆಮೇಲೆ ಕಾಡಿಗೆ ಹೋಗಿ. ಮಿಶ್ರ ಗುಂಪು ಎದುರಾದರೆ, ಅಂದರೆ ಬೇರೆ ಬೇರೆ ಜಾತಿಯ ಹಕ್ಕಿಗಳು ಒಟ್ಟಿಗೆ ಹುಳ ಹುಡುಕುತ್ತಾ ಹೋಗುತ್ತಿದ್ದರೆ, ಹಿಂದೆ ಓಡಬೇಡಿ. ಅವು ಎತ್ತ ಹೊರಟಿವೆ ನೋಡಿ, ನಾಲ್ಕು ಹೆಜ್ಜೆ ಮುಂದೆ ಹೋಗಿ ಕಾಯಿರಿ. ಗೈಡ್ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುತ್ತಿದ್ದರೆ, ಒಂದೆರಡು ಸಲ ಆದ ಮೇಲೆ "ಸಾಕು" ಅನ್ನಿ. ಮರಿ ಸಾಕುವ ಹಕ್ಕಿಗೆ ಅದು ವೈರಿಯ ಕೂಗು.

ನಾಪೊ ನದಿ

ಬೆಟ್ಟ ಇಳಿದು ಕೋಕಾ ಊರಿಗೆ ಬಂದು, ಅಲ್ಲಿಂದ ಮೋಟಾರು ದೋಣಿಯಲ್ಲಿ ಎರಡು ಮೂರು ಗಂಟೆ. ಆಮೇಲೆ ಕಪ್ಪು ನೀರಿನ ಹೊಳೆಯಲ್ಲಿ ಹುಟ್ಟು ಹಾಕುವ ಸಣ್ಣ ದೋಣಿ. ಯಾಸುನಿ ಕಾಡಿನ ಅಂಚಿನ ವಸತಿಗಳಲ್ಲಿ ಕೆಲವು ಅಲ್ಲಿನ ಕಿಚ್ವಾ ಜನರದೇ. ನಾಪೊ ವೈಲ್ಡ್‌ಲೈಫ್ ಸೆಂಟರ್ ಅನ್ನು ಆಞಾಂಗು ಕಿಚ್ವಾ ಸಮುದಾಯ ನಡೆಸುತ್ತದೆ. ರಬ್ಬರ್ ಬೂಟು ಅಲ್ಲೇ ಕೊಡುತ್ತಾರೆ, ನಿಮ್ಮದನ್ನು ಹೊರಬೇಡಿ.

ಮರಗಳ ತಲೆಗಿಂತ ಮೇಲೆ ಹೋಗುವ ಕಬ್ಬಿಣದ ಗೋಪುರಕ್ಕೆ ಬೆಳಕಾಗುವ ಮುಂಚೆ ಹತ್ತಿ. ಮೆಟ್ಟಿಲುಗಳನ್ನು ನಾನು ಎರಡು ಕಂತಿನಲ್ಲಿ ಹತ್ತಿದೆ. ಒಂಬತ್ತಾದರೆ ಬಿಸಿಲು, ಹಕ್ಕಿಗಳು ಮೌನ. ಸಂಜೆಗೆ ಕೆರೆಯಂಚಿನ ಹೊವಾಟ್ಜಿನ್‌ಗಳನ್ನು ನೋಡಿ. ಎಲೆ ತಿಂದು, ಹಸುವಿನ ಹಾಗೆ ಒಳಗೇ, ಆದರೆ ಗಂಟಲ ಕೆಳಗಿನ ಚೀಲದಲ್ಲಿ, ಹುಳಿಸಿಕೊಳ್ಳುವ ಹಕ್ಕಿ. ಮರಿಯ ರೆಕ್ಕೆಯಲ್ಲಿ ಉಗುರಿರುತ್ತದೆ, ಅಪಾಯ ಬಂದರೆ ನೀರಿಗೆ ಬಿದ್ದು, ಉಗುರು ಊರಿ ಮತ್ತೆ ಮರ ಹತ್ತುತ್ತದೆ.

ಗಿಳಿಗಳು ಮಣ್ಣು ತಿನ್ನಲು ಬರುವ ದಂಡೆಯ ವಿಷಯ ಕಡೆಗೆ ಉಳಿಸಿಕೊಂಡೆ. ಕಾಡಿನ ಒಳನಾಡಿನಲ್ಲಿ ಉಪ್ಪು ಕಮ್ಮಿ, ಮಣ್ಣಿನಲ್ಲಿ ಸೋಡಿಯಂ ಇದೆ, ಅದಕ್ಕೇ ಬರುತ್ತವೆ ಅನ್ನುವುದು ಹೆಚ್ಚು ಜನ ಒಪ್ಪುವ ಕಾರಣ. ಮಳೆ ಬಂದರೆ ಬರುವುದಿಲ್ಲ. ಮೊದಲ ಪ್ರವಾಸದಲ್ಲಿ ನಾಪೊಗೆ ಎರಡೇ ರಾತ್ರಿ ಇಟ್ಟಿದ್ದೆ, ಎರಡು ಬೆಳಿಗ್ಗೆಯೂ ಮಳೆ. ಈ ಸಲ ನಾಲ್ಕು ರಾತ್ರಿ. ಮೊದಲ ಎರಡು ಬೆಳಿಗ್ಗೆ ಮತ್ತೆ ಮಳೆ. ಮೂರನೆಯ ದಿನ ಏಳೂವರೆಗೆ ಮೋಡ ಸರಿಯಿತು. ಎಂಟರ ಹೊತ್ತಿಗೆ ಮರಗಳ ತುಂಬ ಗಲಾಟೆ, ಆದರೆ ಒಂದೂ ಇಳಿಯಲಿಲ್ಲ. ಹದ್ದಿನ ಭಯ. ದೋಣಿಯವನು ಬೆರಳು ತುಟಿಗಿಟ್ಟು ಕಾಯಿರಿ ಅಂದ. ಎಂಟೂ ಇಪ್ಪತ್ತಕ್ಕೆ ಒಂದು ಇಳಿಯಿತು. ಅದರ ಹಿಂದೆ ಉಳಿದವು. ಐದು ನಿಮಿಷದಲ್ಲಿ ಆ ಕೆಂಪು ಮಣ್ಣಿನ ದಂಡೆ ಪೂರ್ತಿ ಹಸಿರಾಗಿತ್ತು. ತಮ್ಮ ಕ್ಯಾಮೆರಾ ಎತ್ತಲೇ ಇಲ್ಲ.