ರೇಷನ್ ಕಾರ್ಡ್ ಒಳಗಿಡ್ರಿ, ಮನಿಮಂದಿ ಹೇಳ್ರಿ

2011ರ ಫೆಬ್ರುವರಿ 9ರ ಬೆಳಿಗ್ಗೆ ಗಣತಿದಾರಳಾಗಿ ಹೊಕ್ಕ ಮೊದಲ ಮನೆಯಲ್ಲೇ ನಾನು ತಪ್ಪು ಮಾಡಿದೆ. ಆಗಿನ್ನೂ ನಮ್ಮ ವಿಜಯಪುರಕ್ಕೆ ಬಿಜಾಪುರ ಎಂದೇ ಹೆಸರು. ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ ನಾನು. ನನ್ನ ಪಾಲಿಗೆ ಬಂದ ಬ್ಲಾಕಿನಲ್ಲಿ ಊರಿನ ಎರಡು ಓಣಿ, ಒಂದು ಲಂಬಾಣಿ ತಾಂಡಾ, ಒಟ್ಟು ಏಳುನೂರು ಚಿಲ್ಲರೆ ಜನ. ತರಬೇತಿಯಲ್ಲಿ ಹೇಳಿದ್ದು ತಲೆಯಲ್ಲಿ ಹಸಿಯಾಗಿತ್ತು: 1948ರ ಜನಗಣತಿ ಕಾಯ್ದೆಯ ಪ್ರಕಾರ ಉತ್ತರ ಕೊಡುವುದು ಕಡ್ಡಾಯ, ಕೊಡದವರಿಗೆ ಸಾವಿರ ರೂಪಾಯಿವರೆಗೆ ದಂಡ. ಅದನ್ನೇ ಹೇಳಿ ಶುರು ಮಾಡಿದೆ. ಮನೆಯ ಯಜಮಾನರು ಒಂದೂ ಮಾತಾಡದೆ ಒಳಗೆ ಹೋಗಿ ರೇಷನ್ ಕಾರ್ಡ್ ತಂದರು, ಅದರಲ್ಲಿದ್ದದ್ದನ್ನು ಮಗ್ಗಿಯಂತೆ ಒಪ್ಪಿಸಿದರು. ಏಳು ಜನ. ಎಷ್ಟು ಸಲೀಸಾಗಿ ಆಯಿತೆಂದು ಖುಷಿಯೂ ಪಟ್ಟೆ.

ಸಂಜೆ ಅದೇ ದಾರಿಯಲ್ಲಿ ಬರುವಾಗ ಆ ಮನೆಯ ಕಟ್ಟೆಯ ಮೇಲೆ ಒಬ್ಬ ಸೊಸೆ ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು. ನನ್ನ ಫಾರ್ಮಿನಲ್ಲಿ ಅವಳೂ ಇರಲಿಲ್ಲ, ಕೂಸೂ ಇರಲಿಲ್ಲ. ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ಮಗಳು ಇದ್ದಳು. ಹಿಂದಿನ ವರ್ಷ ತೀರಿಕೊಂಡಿದ್ದ ಅಜ್ಜಿಯೂ ಇದ್ದಳು.

ಮರುದಿನ ಮತ್ತೆ ಹೋದೆ. ಆ ಹಿರಿಯರಿಗೆ ಸುಳ್ಳು ಹೇಳುವ ಮನಸ್ಸೇ ಇರಲಿಲ್ಲ. ದಂಡದ ಮಾತು ಕಿವಿಗೆ ಬಿದ್ದ ಕೂಡಲೇ, ಸರ್ಕಾರದ ಹತ್ತಿರ ಏನು ಬರೆದಿದೆಯೋ ಅದನ್ನೇ ಹೇಳಿಬಿಡುವುದು ಕ್ಷೇಮ ಅನ್ನಿಸಿತ್ತು. "ಕಾರ್ಡಿನಾಗ ಒಂದು, ಇಲ್ಲಿ ಒಂದು ಆದ್ರ, ನಾಳಿ ರೇಷನ್ ನಿಂತ್ರ ಏನ್ ಮಾಡ್ಲಿ ಅಕ್ಕೋರ?" ಎಂದು ಕೇಳಿದರು. ಈ ಒಂದು ಪ್ರಶ್ನೆಗೆ ಉತ್ತರ ಕೊಡದೆ ನನ್ನ 29 ಪ್ರಶ್ನೆ ಕೇಳಿ ಉಪಯೋಗವಿಲ್ಲ ಎಂದು ಅವತ್ತು ತಿಳಿಯಿತು. ಉತ್ತರ ಅದೇ ಕಾಯ್ದೆಯ 15ನೇ ಕಲಮಿನಲ್ಲಿದೆ. ಗಣತಿಯ ಫಾರ್ಮನ್ನು ತೆಗೆಸಿ ನೋಡುವ ಹಕ್ಕು ಯಾರಿಗೂ ಇಲ್ಲ. ಒಬ್ಬರು ಹೇಳಿದ್ದನ್ನು ಕೋರ್ಟಿನಲ್ಲಿ ಅವರ ವಿರುದ್ಧ ಸಾಕ್ಷ್ಯವಾಗಿ ತರುವಂತಿಲ್ಲ. ಗುಟ್ಟು ಬಿಟ್ಟುಕೊಟ್ಟ ಗಣತಿದಾರರಿಗೆ ಜೈಲು ಶಿಕ್ಷೆಯೂ ಉಂಟು. "ನೀವು ಹೇಳಿದ್ದು ನಾ ಹೊರಗ ಹೇಳಿದ್ರ ಜೇಲಿಗೆ ಹೋಗಾಕಿ ನಾನು, ನೀವಲ್ಲ" ಎಂದೆ. ಅವರ ಮುಖ ಸಡಿಲಾಯಿತು. ಸೊಸೆಯನ್ನು ಹೊರಗೆ ಕರೆದರು.

ಮುಂದಿನ ಎಲ್ಲ ಮನೆಗಳಲ್ಲಿ ನನ್ನ ಮೊದಲ ಮಾತು ಬದಲಾಯಿತು. "ರೇಷನ್ ಕಾರ್ಡ್ ಒಳಗಿಡ್ರಿ. ಮೊದ್ಲ ನಿನ್ನಿ ರಾತ್ರಿ ಈ ಮನಿಯಾಗ ಯಾರ್ಯಾರು ಉಂಡು ಮಲಗಿದ್ರು ಹೇಳ್ರಿ." ಅಲ್ಲಿಂದ ಶುರು ಮಾಡಿ, ಹೊರಗೆ ಹೋದವರು, ಬಂದ ನೆಂಟರು, ಯಾರನ್ನು ಬರೆಯಬೇಕು, ಯಾರನ್ನು ಬಿಡಬೇಕು ಎಂದು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದೆ. ದಂಡದ ಮಾತನ್ನು ಮತ್ತೆ ಯಾವ ಮನೆಯಲ್ಲೂ ಆಡಲಿಲ್ಲ. (ಈ ಬರಹದಲ್ಲಿ ಊರಿನ ಹೆಸರಾಗಲಿ, ಯಾರದೇ ಹೆಸರಾಗಲಿ ಇಲ್ಲದಿರುವುದಕ್ಕೂ ಹೊರಗೆ ಹೇಳುವುದಿಲ್ಲ ಎಂದು ಕೊಟ್ಟ ಮಾತೇ ಕಾರಣ. ಕೊಟ್ಟ ಮಾತಿಗೆ ಅವಧಿ ಮುಗಿಯುವುದಿಲ್ಲ.)

ಫೆಬ್ರುವರಿ ಎಂದರೆ ನಮ್ಮಲ್ಲಿ ಬಿಳಿಜೋಳದ ಸುಗ್ಗಿ. ಹೊತ್ತೇರಿದ ಮೇಲೆ ಹೋದರೆ ಬಾಗಿಲಿಗೆ ಅಗಳಿ, ಕಟ್ಟೆಯ ಮೇಲೆ ಮುದುಕರು. ಅದಕ್ಕೆ ನಸುಕಿನಲ್ಲಿ ರೊಟ್ಟಿ ಬಡಿಯುವ ಹೊತ್ತಿಗೊಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೊಮ್ಮೆ ಹೋಗುತ್ತಿದ್ದೆ, ನಡುವೆ ಶಾಲೆ. ಫಾರ್ಮನ್ನು ಯಂತ್ರ ಓದುತ್ತಿದ್ದುದರಿಂದ ಚೌಕದೊಳಗೇ ಬರೆಯಬೇಕು, ಮಡಚಬಾರದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ವಯಸ್ಸು. "ಐವತ್ತ ಬರ್ಕೋರಿ", "ಅರವತ್ತ ಹಾಕ್ರಿ." ನಲವತ್ತೇಳು ಎಂದವರು, ಅರವತ್ತಮೂರು ಎಂದವರು ಇಡೀ ಬ್ಲಾಕಿನಲ್ಲಿ ಬೆರಳೆಣಿಕೆಯಷ್ಟು. ದೇಶದ ಪ್ರತಿ ಗಣತಿಯ ವಯಸ್ಸಿನ ಕೋಷ್ಟಕದಲ್ಲೂ ಸೊನ್ನೆಗೆ ಮತ್ತು ಐದಕ್ಕೆ ಮುಗಿಯುವ ವಯಸ್ಸುಗಳ ಮೇಲೆ ಜನ ಗುಡ್ಡೆ ಬಿದ್ದಿರುತ್ತಾರೆ. ಇದು ಮೋಸವಲ್ಲ, ಹುಟ್ಟಿದ ದಿನ ಬರೆದಿಡುವ ರೂಢಿಯೇ ಇರಲಿಲ್ಲ. ಓದಿದವರದ್ದೂ ಅಷ್ಟೇ: ಶಾಲೆಯ ದಾಖಲೆ ನೋಡಿದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಹಾಗೆ ಬರೆದವರು ನಮ್ಮ ವೃತ್ತಿಯವರೇ. ಅದರ ಋಣ ತೀರಿಸುವ ಅವಕಾಶ ಇದು ಎಂದುಕೊಂಡು ನಾನು ಒಂದು ಪುಟದ ಪಟ್ಟಿ ಮಾಡಿಕೊಂಡೆ. ಗಾಂಧಿಯವರನ್ನು ಕೊಂದದ್ದು 1948. ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1964. ಎಪ್ಪತ್ತೆರಡರ ಬರ. ಇಂದಿರಾ ಗಾಂಧಿ ಹತ್ಯೆ 1984.

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಎಪ್ಪತ್ತೆರಡರ ಬರವೇ. ಒಬ್ಬ ತಾಯಿ ಐವತ್ತು ಎಂದಳು. "ಬರ ಬಿದ್ದಾಗ ಏನ್ ಮಾಡ್ತಿದ್ದಿ ಯವ್ವಾ?" ಎಂದು ಕೇಳಿದೆ. "ಚೊಚ್ಚಲ ಕೂಸು ಕಂಕುಳಾಗ ಇತ್ರಿ, ಕಾಮಗಾರಿಗೆ ಖಡಿ ಒಡಿಯಾಕ ಹೋಗ್ತಿದ್ದೆ." "ಮೈನೆರೆದು ಎಷ್ಟ ವರ್ಷಕ್ಕ ಕೂಸಾತು?" "ನಾಕು." ಮೈನೆರೆದದ್ದು ಹದಿನಾಲ್ಕಕ್ಕೋ ಹದಿನೈದಕ್ಕೋ. ಹಾಗಾದರೆ 1972ಕ್ಕೆ ಹದಿನೆಂಟರ ಮೇಲೆ, ಗಣತಿಯ ಹೊತ್ತಿಗೆ ಐವತ್ತೇಳು. ಅವಳಿಗೇ ಅಚ್ಚರಿ. ಅವಳನ್ನು ಬರೆದು ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು, ಅದರಲ್ಲಿ ಅರ್ಧ ಗಂಟೆ ಬರದ ಕಥೆ. ಹೊತ್ತು ಹೋಯಿತು ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ಹೆಂಗಸರ ದುಡಿಮೆಯ ಪ್ರಶ್ನೆಗೆ ಗಂಡಸರನ್ನು ಕೇಳಲೇಬಾರದು. "ಏನೂ ಮಾಡಂಗಿಲ್ರಿ, ಮನಿಯಾಗ ಅದಾಳ" ಎಂಬ ಉತ್ತರ ಬರುವಾಗ ಆ ಹೆಂಗಸು ಕುಡುಗೋಲು ಹಿಡಿದು ಹೊಲಕ್ಕೆ ಹೊರಟು ನಿಂತಿರುತ್ತಾಳೆ. "ಕೆಲಸ ಮಾಡುತ್ತೀರಾ?" ಎಂದು ಅವಳನ್ನೇ ಕೇಳಿದರೂ "ಇಲ್ಲ" ಎನ್ನುತ್ತಾಳೆ, ಏಕೆಂದರೆ ಅವಳ ಲೆಕ್ಕದಲ್ಲಿ ಕೆಲಸ ಎಂದರೆ ನೌಕರಿ. ನಾನು ಬೇರೆ ರೀತಿ ಕೇಳಿದೆ: ಹೋದ ವರ್ಷ ಕಳೆ ತೆಗೆಯಲು ಎಷ್ಟು ದಿನ ಹೋಗಿದ್ದೆ, ಕಡ್ಲಿ ಕೀಳಲು ಎಷ್ಟು, ಹಾಲು ಮಾರುತ್ತೀಯಾ? ಕೂಡಿಸಿದರೆ ಎಷ್ಟೋ ಮನೆಯಲ್ಲಿ ಆರು ತಿಂಗಳು ದಾಟುತ್ತಿತ್ತು. ಆರು ತಿಂಗಳು ದಾಟಿದರೆ ಗಣತಿಯ ಭಾಷೆಯಲ್ಲಿ ಅವಳು ಮುಖ್ಯ ದುಡಿಮೆಗಾರಳು. "ಏನೂ ಮಾಡಂಗಿಲ್ಲ" ಎಂದು ಬರೆದು ಬಂದಿದ್ದರೆ ಅವಳ ಬೆವರು ದೇಶದ ಲೆಕ್ಕದಿಂದಲೇ ಹೊರಗೆ.

ಗಂಡನ ಹೆಸರು ಹೇಳಲು ನಾಚಿದವರೂ ಇದ್ದರು. ಕಾಯ್ದೆ ಮಾಡಿದವರಿಗೆ ಇದು ಗೊತ್ತಿತ್ತು! 8ನೇ ಕಲಮಿನಲ್ಲೇ ಇದೆ: ಗಂಡನ ಹೆಸರನ್ನಾಗಲಿ, ರೂಢಿಯ ಪ್ರಕಾರ ಬಾಯಿಂದ ಹೇಳಬಾರದವರ ಹೆಸರನ್ನಾಗಲಿ ಹೇಳಬೇಕೆಂದು ಯಾವ ಹೆಂಗಸನ್ನೂ ಒತ್ತಾಯಿಸುವಂತಿಲ್ಲ. ಕಡ್ಡಾಯ ಎಂದು ಬರೆದ ಜಾಗದಲ್ಲೇ ಇಷ್ಟು ಮೆತ್ತಗಿನ ಒಂದು ಸಾಲು ಇರುವುದು ನನಗೆ ಬಹಳ ಇಷ್ಟವಾಯಿತು. ಒಬ್ಬ ಅಜ್ಜಿಗೆ ಇದನ್ನು ವಿವರಿಸಿ "ಬ್ಯಾಡ ಬಿಡಬೇ, ಮಗನ್ನ ಕೇಳ್ತೀನಿ" ಎಂದೆ. ಆಕೆ ಸೆರಗು ಸರಿಮಾಡಿಕೊಂಡು, ಮದುವೆ ಮನೆಯಲ್ಲಿ ನಿಂತಂತೆ ನಿಂತು, ಒಡಪು ಕಟ್ಟಿಯೇ ಹೆಸರು ಹೇಳಿದಳು. ತೀರಿಹೋಗಿ ಹನ್ನೆರಡು ವರ್ಷವಾಗಿದ್ದ ಗಂಡನ ಹೆಸರು.

ಮದುವೆಯಾದಾಗಿನ ವಯಸ್ಸು ಕೇಳಿದರೆ ಎಲ್ಲರದ್ದೂ ಹದಿನೆಂಟು. ಕಾನೂನಿನ ವಯಸ್ಸು ಜನರಿಗೆ ಬಾಯಿಪಾಠವಾಗಿದೆ. ನನ್ನ ಹತ್ತಿರವೇ ಕಲಿತ ಹುಡುಗಿಯೊಬ್ಬಳಿಗೆ ಇಪ್ಪತ್ತೆರಡು, ಅವಳ ಹಿರಿಯ ಮಗನಿಗೆ ಏಳು. ಅವಳ ಅತ್ತೆಯೂ "ಹದಿನೆಂಟು" ಎಂದರು. ನಾನು ವಾದಕ್ಕಿಳಿಯಲಿಲ್ಲ. ಅತ್ತೆ ಒಳಗೆ ಹೋದಾಗ ಹುಡುಗಿಯ ಕಡೆ ನೋಡಿದೆ. "ಹದಿನಾಲ್ಕು ಅಕ್ಕೋರ, ನಿಮಗ ಗೊತ್ತದಲ್ಲ" ಎಂದಳು. ಗೊತ್ತಿತ್ತು. ಏಳನೇ ತರಗತಿಯ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಸಾಲಾಗಿ ಗೈರು ಹಾಕಿದವಳು ನಾನೇ. ಹದಿನಾಲ್ಕು ಎಂದು ಬರೆದೆ. ಆ ಅಂಕಿ ಅವಳ ಅತ್ತೆ-ಮಾವನನ್ನು ಜೈಲಿಗೆ ಹಾಕಲು ಅಲ್ಲ. ಈ ಜಿಲ್ಲೆಯಲ್ಲಿ ಇನ್ನೂ ಎಷ್ಟು ಹುಡುಗಿಯರು ಹೀಗೆ ಶಾಲೆ ಬಿಟ್ಟರು ಎಂದು ಕೇಳುವವರಿಗೆ ಒಂದು ಲೆಕ್ಕವಾದರೂ ಸಿಗಲಿ ಎಂದು. ಇಂಥ ಕಡೆಯೆಲ್ಲ ಮಕ್ಕಳ ವಯಸ್ಸು ಮೊದಲು ಬರೆದುಕೊಂಡು, ಆಮೇಲೆ ಮದುವೆಯ ವಯಸ್ಸು ಕೇಳುವುದು ಒಳ್ಳೆಯದು ಎಂದು ಕಲಿತೆ. ಹುಟ್ಟಿದ ಮಕ್ಕಳೆಷ್ಟು, ಉಳಿದ ಮಕ್ಕಳೆಷ್ಟು ಎಂಬ ಪ್ರಶ್ನೆಯನ್ನು ಮಾತ್ರ ನಿಂತುಕೊಂಡು ಕೇಳಬಾರದು. ಕೂತುಕೊಂಡು, ನೀರು ಕೇಳಿ ಕುಡಿದು, ಆಮೇಲೆ ಕೇಳಬೇಕು.

ತಾಂಡಾದಲ್ಲಿ ಮಾತೃಭಾಷೆ ಕೇಳಿದಾಗ "ಕನ್ನಡ ಬರೀರಿ, ಅದ ಛೊಲೋ" ಎಂದರು. ಮಗುವಾಗಿದ್ದಾಗ ನಿಮ್ಮ ತಾಯಿ ನಿಮ್ಮ ಜೊತೆ ಯಾವ ಮಾತಿನಲ್ಲಿ ಮಾತಾಡುತ್ತಿದ್ದಳು ಎಂದು ಕೇಳಿದೆ. "ಅದು ನಮ್ಮ ಲಂಬಾಣಿ." ಹಾಗೆಯೇ ಬರೆದೆ, ಕನ್ನಡವನ್ನು ಗೊತ್ತಿರುವ ಇತರ ಭಾಷೆಯ ಕಾಲಮಿನಲ್ಲಿ ಹಾಕಿದೆ. ಪ್ರಕಟವಾದ ಕೋಷ್ಟಕಗಳಲ್ಲಿ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಹಾಗಂತ ಕೆಳಗಿನ ಹಂತದಲ್ಲಿ ನಾವೂ ತಪ್ಪು ಬರೆದರೆ, ಮುಂದೆ ಯಾರಾದರೂ ಬಿಡಿಸಿ ನೋಡುತ್ತೇವೆ ಎಂದರೂ ಏನೂ ಉಳಿದಿರುವುದಿಲ್ಲ.

ನನ್ನ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ ಬಂದದ್ದೂ ತಾಂಡಾದಲ್ಲೇ. ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಬೀಗ. ಕೆಲವರು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ, ಉಳಿದವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು. ಉಳಿದ ಹಿರಿಯರು "ಅವರೂ ನಮ್ಮವರ, ಬರ್ಕೋರಿ" ಎಂದು ಕೈಹಿಡಿದು ಕೇಳಿದರು. ನಿಯಮ ಬೇರೆ ಹೇಳುತ್ತಿತ್ತು. ಫೆಬ್ರುವರಿ 9ರಿಂದ 28ರವರೆಗಿನ ಅವಧಿಯಲ್ಲಿ ಒಂದು ದಿನವೂ ಊರಲ್ಲಿ ಇಲ್ಲದವರನ್ನು ಊರಲ್ಲಿ ಬರೆಯುವಂತಿಲ್ಲ, ಅವರು ಎಲ್ಲಿದ್ದಾರೋ ಅಲ್ಲಿ ಎಣಿಸಬೇಕು. ಇಲ್ಲೂ ಅಲ್ಲೂ ಬರೆದರೆ ಒಬ್ಬರು ಇಬ್ಬರಾಗುತ್ತಾರೆ. ಪಂಚಾಯಿತಿಯ ಸದಸ್ಯರೊಬ್ಬರು ಬಂದು, ಗ್ರಾಮ ಪಂಚಾಯಿತಿಗೆ 400 ಜನಕ್ಕೆ ಒಬ್ಬ ಸದಸ್ಯ, ಜನ ಕಡಿಮೆಯಾದರೆ ಊರಿಗೇ ನಷ್ಟ ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಗಣತಿಯ ಅಂಕಿಯ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಯಲು ಸೀಮೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ, ಉಪಕೇಂದ್ರಕ್ಕೆ 5,000 ಎಂಬ ಮಾನದಂಡವೂ ತಲೆ ಎಣಿಕೆಯ ಮೇಲೆಯೇ ನಿಂತಿದೆ. ಆದರೆ ಎಲ್ಲ ಊರೂ ಹೀಗೆ ತನ್ನ ಕಡೆ ಎಳೆದುಕೊಂಡರೆ, ಏನೂ ಎಳೆಯಲಾಗದ ಊರಿನ ಪಾಲು ಹೋಗುತ್ತದೆ. ಬರೆಯಲಿಲ್ಲ. ಕೆಲವರು ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟರು.

ಗಣತಿಯ ಗಡಿ ಫೆಬ್ರುವರಿ 28 ಮುಗಿದು ಮಾರ್ಚ್ 1 ಹುಟ್ಟುವ ನಡುರಾತ್ರಿ. ಆ ವರ್ಷ ಶಿವರಾತ್ರಿ ಮಾರ್ಚ್ ಮೊದಲ ವಾರದಲ್ಲೇ ಬಂತು. 28ರ ಸಂಜೆಯೇ ಹಬ್ಬಕ್ಕೆಂದು ಗಂಟುಮೂಟೆ ಹೊತ್ತು ಬಂದ ಎರಡು ಕುಟುಂಬಗಳನ್ನು, ಬೇರೆಲ್ಲೂ ಬರೆಸಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡು, ಮಾರ್ಚ್ 1ರಿಂದ 5ರ ಮರುಪರಿಶೀಲನೆಯ ಸುತ್ತಿನಲ್ಲಿ ಸೇರಿಸಿದೆ. ಎರಡು ದಿನ ತಡವಾಗಿ ಬಂದ ಮೂರನೆಯ ಕುಟುಂಬದಲ್ಲಿ ಐದು ಜನ. ಕಬ್ಬಿನ ಗದ್ದೆಯ ಜೋಪಡಿಗೆ ಯಾವ ಗಣತಿದಾರರೂ ಬಂದಿರಲಿಲ್ಲ. ಗಡಿ ದಾಟಿತ್ತು, ಅವರನ್ನು ನಾನು ಬರೆಯುವಂತಿರಲಿಲ್ಲ. ಆ ಮನೆಯ ಹೆಣ್ಣುಮಗಳು ಕೇಳಿದಳು: "ಅಂದ್ರ ನಾವು ಎಲ್ಲೂ ಇಲ್ಲೇನ್ರಿ ಅಕ್ಕೋರ?" ಆ ಗಣತಿಯಾದ ಮೇಲೆ ನಡೆದ ಪರಿಶೀಲನಾ ಸಮೀಕ್ಷೆಯಲ್ಲಿ ದೇಶದಲ್ಲಿ ಸಾವಿರಕ್ಕೆ 23 ಜನ ಎಣಿಕೆಗೆ ಸಿಗದೆ ಹೋಗಿದ್ದಾರೆ ಎಂದು ಬಂತು. ಅದನ್ನು ಓದಿದಾಗ ನನಗೆ ಕಂಡದ್ದು ಆ ಐದು ಮುಖ. ಬಿಜಾಪುರ ಜಿಲ್ಲೆಯ ಜನಸಂಖ್ಯೆ 21,77,331 ಎಂದು ಪ್ರಕಟವಾದಾಗಲೂ ಕೊನೆಯ ಅಂಕಿಯ ಮೇಲೆ ಕಣ್ಣು ನಿಂತಿತು.

ಕಡ್ಡಾಯ ಎಂಬ ಮಾತು ಉತ್ತರ ಕೊಡುವವರಿಗೆ ಹಾಕಿದ ಹಗ್ಗ ಎಂದು ನಾನು ಮೊದಲ ದಿನ ತಿಳಿದಿದ್ದೆ. ಆ ಹಗ್ಗದ ಇನ್ನೊಂದು ತುದಿ ಕೇಳುವವರ ಸೊಂಟಕ್ಕೇ ಇದೆ. ಪ್ರತಿ ಬಾಗಿಲಿಗೂ ಹೋಗಬೇಕು, ಜೋಪಡಿಗೂ ಹೋಗಬೇಕು, ಬೀಗ ಕಂಡರೆ ಮತ್ತೆ ಹೋಗಬೇಕು. ಇಷ್ಟವಿದ್ದವರು ಬರೆಸಲಿ ಎಂದು ಬಿಟ್ಟಿದ್ದರೆ ಕಬ್ಬಿನ ಗದ್ದೆಗೆ ಹೋಗಬೇಕಾಗಿತ್ತು ಎಂದು ಹೇಳುವ ಧೈರ್ಯವೂ ನಮಗೆ ಇರುತ್ತಿರಲಿಲ್ಲ.

2021ರ ಗಣತಿ ಕೋವಿಡ್‌ನಿಂದ ನಿಂತಿತು. ಪಡಿತರದ ಆಹಾರ ಭದ್ರತಾ ಕಾಯ್ದೆ ಇವತ್ತಿಗೂ 2011ರ ಅಂಕಿಗಳ ಮೇಲೆಯೇ ನಡೆದಿದೆ, ಅಂದರೆ ಆಮೇಲೆ ಹುಟ್ಟಿದವರು ಆ ಲೆಕ್ಕದೊಳಗೆ ಇಲ್ಲ. ಹೊಸ ಗಣತಿಯ ಗಡಿ ದಿನ 2027ರ ಮಾರ್ಚ್ 1, ಮತ್ತೆ ಅದೇ ಕಬ್ಬಿನ ಹಂಗಾಮು. ಈ ಸಲ ಜಾತಿಯ ಕಾಲಮೂ ಇದೆ, ಮೊಬೈಲಿನಲ್ಲಿ ತಾವೇ ತುಂಬುವ ಅವಕಾಶವೂ ಇದೆ. ಹೋದ ತಿಂಗಳು ತಾಂಡಾಕ್ಕೆ ಹೋಗಿ ಕಬ್ಬಿನ ಗ್ಯಾಂಗಿನ ಮುಖಂಡರನ್ನು ಕಂಡೆ. ಕಬ್ಬು ಕಡಿಯುವ ಗಂಡ-ಹೆಂಡತಿ ಎಷ್ಟು ಜೋಡಿ, ಯಾವ ಕಾರ್ಖಾನೆ, ಯಾವ ತಾಲೂಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಫೆಬ್ರುವರಿಯಲ್ಲಿ ಜೋಪಡಿಗೆ ಯಾರೂ ಬರದಿದ್ದರೆ ಅಲ್ಲಿಯ ತಹಶೀಲ್ದಾರ್ ಕಚೇರಿಗೆ ಹೋಗಿ "ನಮ್ಮನ್ನು ಎಣಿಸಿಲ್ಲ" ಎಂದು ಹೇಳಲು ಒಬ್ಬರನ್ನು ಗೊತ್ತುಮಾಡಿಟ್ಟಿದ್ದೇವೆ. 2011ರಲ್ಲಿ ನನ್ನನ್ನು ಪ್ರಶ್ನೆ ಕೇಳಿದವಳ ಮಗ ಅವನು.