ಎಟಿಸಿ ಟ್ರೇನಿ ಆಗಬೇಕೆ? ಪುಸ್ತಕಕ್ಕೆ ಮೊದಲು ವಯಸ್ಸು, ಕಣ್ಣು, ಕಿವಿ ನೋಡಿ

ಏರ್ ಟ್ರಾಫಿಕ್ ಕಂಟ್ರೋಲರ್ (ಎಟಿಸಿ), ಅಂದರೆ ನೆಲದಿಂದ ವಿಮಾನಗಳ ಸಂಚಾರ ನಿಯಂತ್ರಿಸುವವರು, ಆಗಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಪುಸ್ತಕ ಕೊಳ್ಳುತ್ತಾರೆ, ಕೋಚಿಂಗ್‌ಗೆ ದುಡ್ಡು ಕಟ್ಟುತ್ತಾರೆ. ಆಮೇಲೆ ವಯಸ್ಸಿನ ಲೆಕ್ಕದಲ್ಲೋ ವೈದ್ಯಕೀಯ ತಪಾಸಣೆಯಲ್ಲೋ ಸಿಕ್ಕಿಬೀಳುತ್ತಾರೆ. ಈ ಕ್ರಮವನ್ನೇ ತಿರುಗಿಸಬೇಕು. ನಿಮ್ಮಿಂದ ಬದಲಿಸಲು ಆಗದ್ದನ್ನು ಮೊದಲು ನೋಡಿ. ಕಲಿತು ಸರಿಮಾಡಿಕೊಳ್ಳಬಹುದಾದದ್ದು ಆಮೇಲೆ.

ಹಂತ 1: ಕೆಲಸ ಏನೆಂದು ತಿಳಿಯಿರಿ

ಎಲ್ಲ ಕಂಟ್ರೋಲರ್‌ಗಳೂ ಗಾಜಿನ ಟವರ್‌ನಲ್ಲಿ ಕೂರುವುದಿಲ್ಲ. ಟವರ್‌ನವರದ್ದು ರನ್‌ವೇ ಮತ್ತು ಅದರ ಸುತ್ತಮುತ್ತ. ಅಪ್ರೋಚ್ ವಿಭಾಗದವರು ಇಳಿಯಲು ಬರುವ ವಿಮಾನಗಳನ್ನು ಸಾಲಿಗೆ ತರುತ್ತಾರೆ, ಏರಿ ಹೋಗುವವಕ್ಕೆ ದಾರಿ ಬಿಡಿಸುತ್ತಾರೆ. ಏರಿಯಾ ಕಂಟ್ರೋಲ್‌ನವರು ಎತ್ತರದಲ್ಲಿ ಸಾಗುವ ವಿಮಾನಗಳನ್ನು ನೋಡಿಕೊಳ್ಳುತ್ತಾರೆ. ಇವರು ಕೂರುವ ಕೋಣೆ ವಿಮಾನ ನಿಲ್ದಾಣದಿಂದ ಎಷ್ಟೋ ದೂರ ಇರಬಹುದು. ವಿಮಾನ ಕಣ್ಣಿಗೆ ಬೀಳುವುದೇ ಇಲ್ಲ, ಪರದೆಯ ಮೇಲೆ ಚುಕ್ಕಿ ಮತ್ತು ಅಂಕಿ ಮಾತ್ರ.

ಮೂರೂ ಕಡೆ ಮೂಲ ಕೆಲಸ ಒಂದೇ: ಎರಡು ವಿಮಾನಗಳ ನಡುವೆ ಅಂತರ ಕಾಯುವುದು. ಸಾಮಾನ್ಯವಾಗಿ ಮೇಲೆ ಕೆಳಗೆ 1,000 ಅಡಿ, ಇಲ್ಲವೇ ರೇಡಾರ್ ಇರುವಲ್ಲಿ ಅಕ್ಕಪಕ್ಕ 3 ಅಥವಾ 5 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿ.ಮೀ.). ರಾತ್ರಿ ಪಾಳಿ, ರಜೆಯ ದಿನದ ಪಾಳಿ ಎಲ್ಲ ಇದ್ದದ್ದೇ. ಯಾವ ವಿಭಾಗ, ಯಾವ ಊರು ಅನ್ನುವುದನ್ನು ಹೆಚ್ಚಾಗಿ ಸಂಸ್ಥೆಯೇ ಹೇಳುತ್ತದೆ. ಇದಕ್ಕೆ ಮನೆಯವರೂ ಒಪ್ಪುತ್ತಾರಾ ಅಂತ ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಹಂತ 2: ವಯಸ್ಸು, ಓದು, ಪೌರತ್ವ

ಇಲ್ಲಿ ದೇಶಕ್ಕೊಂದು ನಿಯಮ. ಬ್ರಿಟನ್ನಿನ ವಿಮಾನ ಸಂಚಾರ ನೋಡಿಕೊಳ್ಳುವ ನ್ಯಾಟ್ಸ್ ಸಂಸ್ಥೆಗೆ 18 ತುಂಬಿದವರು ಅರ್ಜಿ ಹಾಕಬಹುದು, ಡಿಗ್ರಿ ಬೇಕಿಲ್ಲ. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎಯಲ್ಲಿ ಹೊಸಬರಿಗೆ 31 ಆಗಿರಬಾರದು, ಅಲ್ಲಿನ ಪೌರತ್ವವೂ ಇರಬೇಕು. ಭಾರತದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ 'ಜೂನಿಯರ್ ಎಕ್ಸಿಕ್ಯುಟಿವ್' ಹೆಸರಲ್ಲಿ ಆಯ್ಕೆ ಮಾಡುತ್ತದೆ. ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಪದವಿ ಬೇಕು, ಸಾಮಾನ್ಯ ವರ್ಗಕ್ಕೆ ವಯೋಮಿತಿ 27.

ವಯಸ್ಸನ್ನು ಯಾವ ತಾರೀಖಿಗೆ ಲೆಕ್ಕ ಹಾಕುತ್ತಾರೆ ಅನ್ನುವುದನ್ನು ಅಧಿಸೂಚನೆಯಲ್ಲೇ ಓದಿ. ಒಂದು ದಿನ ಜಾಸ್ತಿಯಾದರೂ ಅರ್ಜಿ ಹೋಗುವುದಿಲ್ಲ. ಪೈಲಟ್ ಲೈಸೆನ್ಸ್ ಬೇಕಾ ಅಂತ ತುಂಬ ಜನ ಕೇಳುತ್ತಾರೆ. ಬೇಡ.

ಹಂತ 3: ಕಣ್ಣು, ಕಿವಿ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಕಂಟ್ರೋಲರ್‌ಗಳಿಗೆ 'ಕ್ಲಾಸ್ 3' ಮೆಡಿಕಲ್ ಇಟ್ಟಿದೆ. ಕನ್ನಡಕ ಇದ್ದರೆ ತೊಂದರೆಯಿಲ್ಲ. ಕನ್ನಡಕ ಹಾಕಿಕೊಂಡು ಪ್ರತಿ ಕಣ್ಣಿಗೂ 6/9, ಎರಡೂ ಸೇರಿ 6/6 ಕಂಡರೆ ಸಾಕು (6/9 ಅಂದರೆ ಸಾಮಾನ್ಯ ಕಣ್ಣಿಗೆ 9 ಮೀಟರ್‌ನಿಂದ ಕಾಣುವುದು ನಿಮಗೆ 6 ಮೀಟರ್‌ನಿಂದ ಕಾಣುವುದು). ಬಣ್ಣ ಗುರುತಿಸುವುದು ಮಾತ್ರ ಹಾಗಲ್ಲ. ಪರದೆಯಲ್ಲೂ ರನ್‌ವೇ ದೀಪಗಳಲ್ಲೂ ಬಣ್ಣಕ್ಕೆ ಅರ್ಥವಿದೆ, ಅದನ್ನು ಕನ್ನಡಕದಿಂದ ಸರಿಮಾಡಲು ಆಗುವುದಿಲ್ಲ. ಕಿವಿಯ ಅಳತೆಗೆ 500, 1,000 ಮತ್ತು 2,000 ಹರ್ಟ್ಸ್‌ನಲ್ಲಿ ಶ್ರವಣ ನಷ್ಟ 35 ಡೆಸಿಬೆಲ್ ಮೀರಬಾರದು.

ಹತ್ತಿರದ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಬಣ್ಣದ ಪರೀಕ್ಷೆ ಮಾಡಿಸಿ. ಅಧಿಕೃತ ತಪಾಸಣೆಗೆ ಇದು ಬದಲಿಯಲ್ಲ, ಆದರೆ ಕೋಚಿಂಗ್ ಫೀಸ್ ಕಟ್ಟುವ ಮೊದಲೇ ವಿಷಯ ಗೊತ್ತಾಗುತ್ತದೆ. ಹಳೆಯ ಕಾಯಿಲೆ, ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಕೆಲವು ದೇಶಗಳಲ್ಲಿ ಮಾದಕ ವಸ್ತು ಪರೀಕ್ಷೆಯೂ ಇದೆ, ಭಾರತ ಅವುಗಳಲ್ಲೊಂದು.

ಹಂತ 4: ಅರ್ಜಿ

ಅಧಿಕೃತ ಜಾಲತಾಣದಲ್ಲೇ ತುಂಬಿ. ಹೆಸರು, ಜನ್ಮದಿನ ಎಲ್ಲ ದಾಖಲೆಗಳಲ್ಲೂ ಒಂದೇ ಥರ ಇರಲಿ. ಕೊನೆಯ ದಿನದವರೆಗೆ ಕಾಯಬೇಡಿ. ಹಣ ಕೊಟ್ಟರೆ ಸೀಟು ಕೊಡಿಸುತ್ತೇನೆ ಅನ್ನುವವರಿಂದ ದೂರ ಇರಿ.

ಹಂತ 5: ಸಾಮರ್ಥ್ಯ ಪರೀಕ್ಷೆ

ಜಾಸ್ತಿ ಜನ ಜರಡಿಯಿಂದ ಕೆಳಗೆ ಬೀಳುವುದು ಇಲ್ಲೇ. ಭಾರತದಲ್ಲಿ ಮೊದಲು ವಿಷಯ ಜ್ಞಾನದ ಕಂಪ್ಯೂಟರ್ ಪರೀಕ್ಷೆ, ಅದಕ್ಕೆ ಓದಲೇಬೇಕು. ಬೇರೆ ಹಲವು ಕಡೆ ಮೊದಲು ಅಳೆಯುವುದು ನಿಮ್ಮ ತಲೆ ಕೆಲಸ ಮಾಡುವ ರೀತಿಯನ್ನು. ಯುರೋಪಿನ ಅನೇಕ ದೇಶಗಳು ಅಲ್ಲಿನ ವಿಮಾನ ಸಂಚಾರದ ಜಂಟಿ ಸಂಸ್ಥೆ ಯೂರೋಕಂಟ್ರೋಲ್‌ನ 'ಫೀಸ್ಟ್' ಪರೀಕ್ಷೆ ಬಳಸುತ್ತವೆ, ಅಮೆರಿಕದ್ದು 'ಅಟ್ಸಾ'.

ಇಂಥ ಪರೀಕ್ಷೆಗಳಲ್ಲಿ ನೋಡುವುದು ಕೆಲವೇ ಗುಣಗಳನ್ನು. ನೆನಪಲ್ಲಿ ಅಂಕಿ ಇಟ್ಟುಕೊಂಡೇ ಇನ್ನೊಂದು ಕೆಲಸ ಮಾಡುವುದು. ಎರಡು ಚುಕ್ಕಿಗಳ ದಾರಿ ಮುಂದೆ ಸೇರುತ್ತದಾ ಅಂತ ಊಹಿಸುವುದು. ಕಿವಿಗೆ ಒಂದು ಸೂಚನೆ ಬೀಳುತ್ತಿರುವಾಗ ಕಣ್ಣು ಇನ್ನೊಂದು ಕಡೆ ಇರುವುದು. ವೇಗಕ್ಕೆ ಗಮನ ಕೊಟ್ಟರೆ ತಪ್ಪು ಹೆಚ್ಚುತ್ತದೆ, ನಿಖರತೆಗೆ ಕೊಟ್ಟರೆ ಸಮಯ ಮುಗಿಯುತ್ತದೆ. ಎರಡನ್ನೂ ಸರಿತೂಗಿಸುವುದೇ ಪರೀಕ್ಷೆ.

ತಯಾರಿ? ಸಂಸ್ಥೆ ಕೊಡುವ ಮಾದರಿ ಪ್ರಶ್ನೆಗಳನ್ನು ಮಾಡಿ. ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನು ಚುರುಕು ಮಾಡಿಕೊಳ್ಳಿ: 360 ಡಿಗ್ರಿ ದಿಕ್ಕುಗಳು, ವೇಗ ಮತ್ತು ಸಮಯದಿಂದ ದೂರ. ಗಂಟೆಗೆ 480 ನಾಟಿಕಲ್ ಮೈಲಿ ಹೋಗುವ ವಿಮಾನ ನಿಮಿಷಕ್ಕೆ 8 ನಾಟಿಕಲ್ ಮೈಲಿ ಹೋಗುತ್ತದೆ. ಇಂಥದ್ದು ಕಾಗದ ಇಲ್ಲದೆ ಬರಬೇಕು. ಅದಕ್ಕಿಂತ ಮುಖ್ಯ, ಪರದೆಯ ಮೇಲಿನ ನಿಯಮಗಳನ್ನು ನಿಧಾನವಾಗಿ ಓದಿ. ಅವಸರದಲ್ಲಿ ನಿಯಮವನ್ನೇ ತಪ್ಪು ಅರ್ಥ ಮಾಡಿಕೊಂಡರೆ ಜಾಣತನ ಕೆಲಸಕ್ಕೆ ಬರುವುದಿಲ್ಲ. ಒಂದು ಉತ್ತರ ತಪ್ಪಾಯಿತು ಅಂತ ಗೊತ್ತಾದರೆ ಅಲ್ಲೇ ಬಿಟ್ಟು ಮುಂದೆ ಹೋಗಿ. ಕಳೆದ ವಿಮಾನದ ಚಿಂತೆಯಲ್ಲಿ ಈಗಿನ ವಿಮಾನವನ್ನು ಮರೆಯುವವರು ಈ ಕೆಲಸಕ್ಕೆ ಬೇಡ, ಪರೀಕ್ಷೆ ನಡೆಸುವವರು ನೋಡುವುದು ಇದನ್ನೇ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೆ ಕೆಲವು ಕಡೆ ಮಿತಿಯಿದೆ, ಹಾಗಾಗಿ ಸುಮ್ನೆ ಅನುಭವಕ್ಕೆ ಅಂತ ಹೋಗಬೇಡಿ.

ಹಂತ 6: ಇಂಗ್ಲಿಷ್, ದನಿ, ಸಂದರ್ಶನ

ಐಕಾವೊ ಅಳತೆಯಲ್ಲಿ ಭಾಷೆಗೆ 6 ಮಟ್ಟಗಳಿವೆ, ಕನಿಷ್ಠ 4 ಬೇಕು. ವ್ಯಾಕರಣದ ಸೊಗಸು ಮುಖ್ಯವಲ್ಲ. ನಿಮ್ಮ ಮಾತಿನ ಧಾಟಿ ಯಾವುದೇ ಇರಲಿ, ಕೇಳುವವರಿಗೆ ಅರ್ಥವಾಗಬೇಕು. ಗಡಿಬಿಡಿಯಲ್ಲೂ ದನಿ ಸಮವಾಗಿರಬೇಕು. ಪೈಲಟ್ ಸೂಚನೆಯನ್ನು ತಿರುಗಿ ಹೇಳುತ್ತಾರೆ, ಇದು ರೀಡ್‌ಬ್ಯಾಕ್. ಅದರಲ್ಲಿ ತಪ್ಪಿದ್ದರೆ ಹಿಡಿಯುವುದು ಕಂಟ್ರೋಲರ್ ಕೆಲಸ. ಹಾಗಾಗಿ ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಕಷ್ಟ. ಅಭ್ಯಾಸಕ್ಕೆ ಗೆಳೆಯರಿಂದ ಅಂಕಿಗಳನ್ನು ಹೇಳಿಸಿ, ಬರೆದುಕೊಂಡು ತಿರುಗಿ ಹೇಳಿ. ನಿಜವಾದ ವಿಮಾನ ರೇಡಿಯೋ ಕೇಳುವ ಆಸೆಯಿದ್ದರೆ ಮೊದಲು ಕಾನೂನು ನೋಡಿ. ಬ್ರಿಟನ್ನಿನಂಥ ಕಡೆ ಅದಕ್ಕೆ ಅನುಮತಿಯಿಲ್ಲ.

ಸಂದರ್ಶನ ಎಲ್ಲ ಕಡೆ ಇರುವುದಿಲ್ಲ. ಇದ್ದರೆ 'ಒತ್ತಡ ತಡೆದುಕೊಳ್ಳುತ್ತೇನೆ' ಅಂತ ಹೇಳಿ ಪ್ರಯೋಜನವಿಲ್ಲ. ಎರಡು ಕೆಲಸ ಒಟ್ಟಿಗೆ ಬಂದಾಗ ಯಾವುದನ್ನು ಮೊದಲು ಹಿಡಿದಿರಿ, ಯಾಕೆ, ಅಂತ ಒಂದು ಘಟನೆ ಹೇಳಿ. ತಂಡದಲ್ಲಿ ಯಾರಾದರೂ ನಿಮ್ಮನ್ನು ತಿದ್ದಿದಾಗ ಹೇಗೆ ತೆಗೆದುಕೊಂಡಿರಿ ಅಂತಲೂ ಕೇಳಬಹುದು.

ಹಂತ 7: ಆಯ್ಕೆಯಾದ ಮೇಲೆ

ಹೆಸರು ಬಂದ ಕೂಡಲೇ ಈಗಿನ ಕೆಲಸ ಬಿಡಬೇಡಿ. ಮೆಡಿಕಲ್, ಪೊಲೀಸ್ ಪರಿಶೀಲನೆ ಮುಗಿದು ನೇಮಕಾತಿ ಪತ್ರ ಕೈಗೆ ಬರಲಿ. ಆಮೇಲೆ ತರಗತಿ, ಸಿಮ್ಯುಲೇಟರ್, ಕೊನೆಗೆ ನಿಜವಾದ ವಿಮಾನಗಳು. ಆಗ ಅನುಭವಿ ಕಂಟ್ರೋಲರ್ ಒಬ್ಬರು ಪಕ್ಕದಲ್ಲಿ ಕೂತು, ಬೇಕಾದಾಗ ಮೈಕ್ ತಾವೇ ತೆಗೆದುಕೊಳ್ಳುತ್ತಾರೆ. ಐಕಾವೊ ನಿಯಮದಲ್ಲಿ ಲೈಸೆನ್ಸ್‌ಗೆ 21 ವರ್ಷ ಆಗಿರಬೇಕು, ಇಂಥ ಮೇಲ್ವಿಚಾರಣೆಯ ಕೆಲಸ ಕನಿಷ್ಠ 3 ತಿಂಗಳು ಆಗಿರಬೇಕು. ತರಬೇತಿಯ ಮಧ್ಯೆ ಹೊರಬೀಳುವವರೂ ಇದ್ದಾರೆ. ಆದ್ದರಿಂದ ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿ: ತರಬೇತಿ ಸಮಯದಲ್ಲಿ ಸಂಬಳ ಎಷ್ಟು, ಬಾಂಡ್ ಇದೆಯಾ, ಪಾಸಾಗದಿದ್ದರೆ ಹಣ ವಾಪಸ್ ಕಟ್ಟಬೇಕಾ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.