ಕಂಪ್ಯೂಟರಿನ ಒಳಗನ್ನು ಕಾಗದದ ಮೇಲೆ ನಡೆಸಿ ನೋಡುವುದು ಹೇಗೆ?

ಸಿಪಿಯು (ಸೂಚನೆಗಳನ್ನು ಪಾಲಿಸುವ ಪ್ರೊಸೆಸರ್), ರ್ಯಾಮ್ (ಕೆಲಸದ ವೇಳೆಯ ಮೆಮೊರಿ) ಇವುಗಳ ಪೂರ್ಣರೂಪಗಳನ್ನು ತಡವರಿಸದೆ ಹೇಳುವ ಡಿಪ್ಲೊಮಾ ವಿದ್ಯಾರ್ಥಿಗಳು, ಎರಡು ಸಂಖ್ಯೆಗಳನ್ನು ಕೂಡುವಾಗ ಯಂತ್ರದೊಳಗೆ ಏನೇನು ನಡೆಯುತ್ತದೆ ಎಂದು ಕೇಳಿದೊಡನೆ ಸುಮ್ಮನಾಗುವುದನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಕಂಡಿದ್ದೇನೆ. ಅದನ್ನು ಅವರ ಕೈಯಿಂದ ಯಾರೂ ಮಾಡಿಸಿರುವುದಿಲ್ಲ. ಇದಕ್ಕೆ ಲ್ಯಾಪ್‌ಟಾಪ್ ಬೇಕಿಲ್ಲ. ಚೌಕುಳಿ ಪುಸ್ತಕ, ಪೆನ್ಸಿಲ್, ರಬ್ಬರ್ ಸಾಕು. ಪೂರ್ಣರೂಪಗಳ ಪಟ್ಟಿಯನ್ನೇ ಪಾಠವೆಂದು ಮಾರುವ ಗೈಡುಗಳನ್ನು ಕೊಳ್ಳಬೇಡಿ.

ಮೊದಲು 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ 0ಯಿಂದ 255ರವರೆಗೆ ಬರೆಯಲು ಕಲಿಯಿರಿ. ಒಂದು ಬೈಟಿನ ಎಂಟು ಬಿಟ್‌ಗಳಲ್ಲಿ, ಅಂದರೆ ಎಂಟು ದ್ವಿಮಾನ ಅಂಕಿಗಳಲ್ಲಿ, ಹಿಡಿಸುವುದು ಅಷ್ಟೇ, ಒಂದು ಸಂಜೆಯ ಕೆಲಸ. ಅಕ್ಷರಗಳೂ ಸಂಖ್ಯೆಗಳೇ ಎಂಬುದನ್ನು ಅದರೊಂದಿಗೇ ತಿಳಿಯಿರಿ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ನಮ್ಮ ‘ಅ’ 224, 178, 133 ಎಂಬ ಮೂರು ಬೈಟ್‌ಗಳಾಗಿ ಉಳಿಯುತ್ತದೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಹತ್ತು ಚೌಕಗಳನ್ನು ಎಳೆದು 0ಯಿಂದ 9ರವರೆಗೆ ಮನೆ ಸಂಖ್ಯೆ ಕೊಡಿ, ಇದು ಮೆಮೊರಿ. ಮುಂದೆ ‘ಆರನೆಯ ಮನೆ’ ಎಂದರೆ 6 ಸಂಖ್ಯೆಯ ಮನೆ. ಪಕ್ಕದಲ್ಲಿ ಎರಡು ಚೌಕ: ಮುಂದೆ ಓದಬೇಕಾದ ಮನೆಯನ್ನು ತೋರಿಸುವ ಪ್ರೋಗ್ರಾಮ್ ಕೌಂಟರ್, ಲೆಕ್ಕ ನಡೆಯುವ ಅಕ್ಯುಮುಲೇಟರ್. ಸೂಚನೆಯ ಮೊದಲ ಅಂಕಿ ಕೆಲಸವನ್ನೂ ಎರಡನೆಯದು ಮನೆಯನ್ನೂ ಹೇಳಲಿ: 1 ಎಂದರೆ ಆ ಮನೆಯದನ್ನು ಅಕ್ಯುಮುಲೇಟರಿಗೆ ತೆಗೆದುಕೋ, 2 ಆ ಮನೆಯದನ್ನು ಅದಕ್ಕೆ ಕೂಡು, 3 ಅದರಲ್ಲಿರುವುದನ್ನು ಆ ಮನೆಯಲ್ಲಿ ಬರೆದಿಡು, 4 ಆ ಮನೆಗೆ ಜಿಗಿ (ಅದರ ಸಂಖ್ಯೆಯನ್ನು ಕೌಂಟರಿನಲ್ಲಿ ಬರೆ), 00 ನಿಲ್ಲು. ಮೊದಲ ನಾಲ್ಕು ಮನೆಗಳಲ್ಲಿ 16, 27, 38, 00 ಎಂದೂ ಆರು ಮತ್ತು ಏಳನೆಯ ಮನೆಗಳಲ್ಲಿ 25, 17 ಎಂದೂ ಬರೆಯಿರಿ. ಕೌಂಟರ್ 0 ಇರಲಿ.

ಈಗ ಕೌಂಟರ್ ನೋಡಿ, ಆ ಮನೆಯ ಸಂಖ್ಯೆಯನ್ನು ಓದಿ, ಕೌಂಟರನ್ನು ಒಂದರಷ್ಟು ಏರಿಸಿ, ಆಮೇಲೆ ಸೂಚನೆಯನ್ನು ಪಾಲಿಸಿ. ಉತ್ತರ 42 ಎಂದು ಮನಸ್ಸಿನಲ್ಲೇ ಕೂಡಿ ಎಂಟನೆಯ ಮನೆಯಲ್ಲಿ ಬರೆದುಬಿಡುವವರು, ಕೌಂಟರನ್ನು ಅಳಿಸಿ ತಿದ್ದುವ ಶ್ರಮವನ್ನು ತಪ್ಪಿಸಿಕೊಂಡು, ಕಲಿಯಬೇಕಾದುದನ್ನೇ ಬಿಟ್ಟಿರುತ್ತಾರೆ. ಪ್ರತಿ ಸಲವೂ ಅಳಿಸಿ ಬರೆಯಿರಿ. ಇದನ್ನೇ ಪರದೆಯ ಮೇಲೆ ನಡೆಸಿ ತೋರಿಸುವ ಸಿಮ್ಯುಲೇಟರ್ ತಂತ್ರಾಂಶಗಳು ಈ ಹಂತವನ್ನು ಕಣ್ಣಿಗೆ ಕಾಣದಷ್ಟು ಬೇಗ ಮುಗಿಸುವುದರಿಂದ ಮೊದಲ ವಾರ ಅವನ್ನು ಮುಟ್ಟಬೇಡಿ.

ಬಳಿಕ ಕೌಂಟರಿನಲ್ಲಿ ಬೇಕೆಂದೇ 6 ಬರೆದು ನಡೆಸಿ. ಇಷ್ಟು ಹೊತ್ತು ಬರಿಯ ಸಂಖ್ಯೆಯಾಗಿದ್ದ 25 ಈಗ ‘ಐದನೆಯ ಮನೆಯದನ್ನು ಕೂಡು’ ಎಂಬ ಸೂಚನೆಯಾಗುತ್ತದೆ. ಸೂಚನೆಗೂ ದತ್ತಾಂಶಕ್ಕೂ ಮೆಮೊರಿಯಲ್ಲಿ ಬೇರೆ ಬಣ್ಣವಿಲ್ಲ, ಕೌಂಟರ್ ಕರೆದೊಯ್ದಲ್ಲೆಲ್ಲ ಪ್ರೊಸೆಸರ್ ಸೂಚನೆಯನ್ನೇ ಓದುತ್ತದೆ ಎಂಬುದು ಇಲ್ಲಿ ಮನದಟ್ಟಾಗಬೇಕು. ಹತ್ತೇ ಮನೆಗಳೆಂದು ಇದನ್ನು ಮಕ್ಕಳಾಟವೆನ್ನಬೇಡಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ‘ಬೇಬಿ’ ಯಂತ್ರ 1948ರ ಜೂನ್ 21ರಂದು ತನ್ನ ಮೆಮೊರಿಯಲ್ಲೇ ಇದ್ದ ಪ್ರೋಗ್ರಾಮನ್ನು ಮೊದಲ ಬಾರಿಗೆ ನಡೆಸಿದಾಗ ಅದಕ್ಕಿದ್ದುದು 32 ಮನೆಗಳು, ಏಳು ಬಗೆಯ ಸೂಚನೆಗಳು.

ನೀವು ಎಳೆದ ಮೆಮೊರಿ ಚೌಕಗಳೇ ರ್ಯಾಮ್. ಅದಕ್ಕೂ ಡಿಸ್ಕಿಗೂ ಇರುವ ವ್ಯತ್ಯಾಸಕ್ಕೆ ಒಂದೇ ಮಾತು: ವಿದ್ಯುತ್ ಹೋದರೆ ರ್ಯಾಮ್ ಬರಿದಾಗುತ್ತದೆ, ಡಿಸ್ಕಿನಲ್ಲಿರುವುದು ಉಳಿಯುತ್ತದೆ.

ಕೊನೆಗೆ ಮೂರನೆಯ ಮನೆಯ 00 ಅಳಿಸಿ 40 ಬರೆಯಿರಿ. ನಿಮ್ಮ ಪೆನ್ಸಿಲ್ ಸೊನ್ನೆಯ ಮನೆಗೆ ಮರಳಿ ಮರಳಿ ಹೋಗುತ್ತದೆ, ಕೆಲಸ ಮುಗಿಯುವುದೇ ಇಲ್ಲ. ನಾಲ್ಕು ಕೋರ್‌ಗಳ, ಅಂದರೆ ಪ್ರತ್ಯೇಕವಾಗಿ ಸೂಚನೆ ಪಾಲಿಸುವ ನಾಲ್ಕು ಘಟಕಗಳ, ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮ್ ಹೀಗೆ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿ ಒಂದು ಕೋರನ್ನು ಪೂರ್ತಿ ಹಿಡಿದಿದ್ದರೆ, ನಡೆಯುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಮುಂದೆ ಶೇಕಡಾ 25ರ ಆಸುಪಾಸಿನ ಅಂಕಿ ಇಳಿಯದೆ ನಿಂತಿರುತ್ತದೆ.